ರೇಡಿಯೋದ ನಗು ಯಾರ ಗಂಟಲಿನದು?

ಕಳೆದ ವರ್ಷ ನಾನು ಪಾಠ ಮಾಡುವ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹುಡುಗರು ಒಂದು ಸ್ಕಿಟ್ ಆಡಿದರು. ಅದರಲ್ಲಿ ಮನೆಗೆಲಸದ ಹೆಂಗಸಿನ ಪಾತ್ರ. ಸೀರೆ ಉಟ್ಟು ಬಂದವನು ಬಿ.ಕಾಂ. ಎರಡನೇ ವರ್ಷದ ಒಬ್ಬ ಚೂಟಿ ಹುಡುಗ. ಅವನು ಬಾಯಿ ಬಿಟ್ಟದ್ದೇ ತಡ, ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಹೇಳಿದ ಮಾತಿನಲ್ಲಿ ತಮಾಷೆ ಏನೂ ಇರಲಿಲ್ಲ. 'ಹಾಲು' ಅನ್ನುವ ಕಡೆ 'ಆಲು', 'ಹೋಗ್ತೀನಿ' ಅನ್ನುವ ಕಡೆ 'ವೋಯ್ತೀನಿ', ಮಾತಿಗೊಂದು 'ಕನ ಬುದ್ದಿ'. ಅಷ್ಟೇ. ಅದೇ ಸ್ಕಿಟ್‌ನ ಮನೆ ಯಜಮಾನ, ಪೊಲೀಸು, ಪುರೋಹಿತ ಎಲ್ಲರೂ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ನಮ್ಮ ಸೀಮೆಯಲ್ಲಿ ಗೌಡರ ಮನೆಯವರೂ ಶೆಟ್ಟರ ಮನೆಯವರೂ 'ಆಲು' ಅಂತಲೇ ಅನ್ನುವುದು. ಆದರೆ ರಂಗದ ಮೇಲೆ 'ಹ'ಕಾರ ಕಳೆದುಕೊಂಡವಳು ಕೇರಿಯವಳು ಒಬ್ಬಳೇ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಯೊಬ್ಬರು ನನ್ನ ಕಡೆ ಬಾಗಿ, 'ಮೇಡಂ, ತಪ್ಪು ತಿಳ್ಕೋಬೇಡಿ, ತಮಾಷೆಗೆ ಮಾಡಿರೋದು' ಅಂದರು. ಅವರು ಹಾಗೆ ಅನ್ನುವ ತನಕ ನಾನೂ ನಗುತ್ತಲೇ ಇದ್ದೆ. ನಮ್ಮವ್ವ ಇಪ್ಪತ್ತೆರಡು ವರ್ಷ ಮೈಸೂರಿನ ಮನೆಗಳಲ್ಲಿ ಪಾತ್ರೆ ತೊಳೆದವಳು.

ಆ ನನ್ನ ನಗುವಿನ ಲೆಕ್ಕ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಲೆಕ್ಕವನ್ನು ಮಾತ್ರ ನಮ್ಮ ಕಾಲೇಜಿನಿಂದ ಶುರುಮಾಡದೆ ಅಮೆರಿಕದ ಹಳೇ ರೇಡಿಯೋದಿಂದ ಶುರುಮಾಡುತ್ತೇನೆ. ಅಷ್ಟು ದೂರ ಯಾಕೆ ಹೋಗಬೇಕು ಎಂದು ಓದುಗರು ಕೇಳಬಹುದು. ಜೋತಿಬಾ ಫುಲೆ 1873ರಲ್ಲೇ ತಮ್ಮ 'ಗುಲಾಮಗಿರಿ'ಯನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕೊಡಲಿದ್ದ ಅಹವಾಲಿನ ಬಗ್ಗೆ ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂದು ಹೆಸರಿಟ್ಟದ್ದು ಎಲ್ಲಿಂದ ಎಂಬುದು ಎಲ್ಲರಿಗೂ ಗೊತ್ತು. ಇವನ್ನೆಲ್ಲ ನಾವು ಭಾಷಣಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಕಪ್ಪು ಜನರ ಹೋರಾಟವನ್ನು ಓದಿದೆವು, ಕವಿತೆಯನ್ನು ಓದಿದೆವು. ಅವರ ಮಾತು ಕೇಳಿ ಒಂದು ದೇಶಕ್ಕೆ ದೇಶವೇ ಪ್ರತಿರಾತ್ರಿ ನಗುತ್ತಿತ್ತಲ್ಲ, ಆ ನಗುವನ್ನು ನಾವು ಕೇಳಿಸಿಕೊಂಡಿಲ್ಲ. ನಾನು ಎಂ.ಎ. ಓದುವಾಗ ಜಾಜ್ ಸಂಗೀತ ಹುಡುಕಿಕೊಂಡು ಹೋಗಿ ಈ ಹಳೇ ರೇಡಿಯೋ ಕಾರ್ಯಕ್ರಮಗಳಿಗೆ ಸಿಕ್ಕಿಬಿದ್ದವಳು. ಈಗ ಅವು ಯಾರು ಬೇಕಾದರೂ ಕೇಳುವ ಹಾಗೆ ಸಿಗುತ್ತವೆ. ಹಾಸ್ಟೆಲಿನ ಮಂಚದ ಮೇಲೆ ಕಿವಿಗೆ ಸಿಕ್ಕಿಸಿಕೊಂಡು ಎರಡು ಮಳೆಗಾಲ ಕೇಳಿದ್ದೇನೆ.

1920ರ ದಶಕದ ಕೊನೆಯಿಂದ, ಟಿವಿ ಬಂದು ನಡುಮನೆ ಹಿಡಿಯುವ ತನಕ, ಅಂದರೆ ಸುಮಾರು 1950ರ ದಶಕದ ಮೊದಲ ವರ್ಷಗಳವರೆಗೆ, ಅಮೆರಿಕದ ಸಂಜೆಗಳು ರೇಡಿಯೋದ ಹಾಡು-ಹಾಸ್ಯದ ವೆರೈಟಿ ಶೋಗಳ ವಶದಲ್ಲಿದ್ದವು. ಒಂದು ಬ್ಯಾಂಡು, ಒಬ್ಬ ಗಾಯಕ, ಒಬ್ಬ ಹಾಸ್ಯಗಾರ, ವಾರಕ್ಕೊಬ್ಬ ಅತಿಥಿ, ಎದುರಿಗೆ ಸ್ಟುಡಿಯೋದಲ್ಲಿ ಕೂತ ಸಭಿಕರು. ರೂಡಿ ವ್ಯಾಲಿ, ಜ್ಯಾಕ್ ಬೆನ್ನಿ, ಬಾಬ್ ಹೋಪ್, ಬಿಂಗ್ ಕ್ರಾಸ್ಬಿ ಇವರೆಲ್ಲ ಈ ಅಚ್ಚಿನಿಂದ ಬಂದವರು. ಇದನ್ನು ನಡೆಸುತ್ತಿದ್ದದ್ದು ರೇಡಿಯೋ ಕಂಪನಿ ಅಂದುಕೊಂಡರೆ ತಪ್ಪು. ಕಾರ್ಯಕ್ರಮವನ್ನು ಕಟ್ಟುತ್ತಿದ್ದದ್ದು ಜಾಹೀರಾತು ಏಜೆನ್ಸಿ. ದುಡ್ಡು ಹಾಕುತ್ತಿದ್ದದ್ದು ಹಲ್ಲುಪುಡಿ, ಈಸ್ಟು, ಕಾಫಿಪುಡಿ, ಸಿಗರೇಟು ಮಾರುವವರು. ವ್ಯಾಲಿಯ ಕಾರ್ಯಕ್ರಮಕ್ಕೆ ಫ್ಲೈಶ್‌ಮನ್ ಈಸ್ಟ್ ಕಂಪನಿಯ ಹೆಸರೇ ಹೆಸರು. ಬೆನ್ನಿಯನ್ನು 1934ರಿಂದ 1942ರ ತನಕ ಸಾಕಿದ್ದು ಜೆಲ್-ಓ ಎಂಬ ಜೆಲ್ಲಿ ಪುಡಿ. ದಕ್ಷಿಣದ ರಾಜ್ಯಗಳ ಬಿಳಿ ಗಿರಾಕಿ ಮುನಿಸಿಕೊಂಡರೆ ಪುಡಿ ಮಾರಾಟ ಆಗುವುದಿಲ್ಲ. ಯಾರ ಬಾಯಿಗೆ ಮೈಕು, ಎಷ್ಟು ಹೊತ್ತು ಮೈಕು ಎಂಬುದನ್ನು ಈ ಲೆಕ್ಕಾಚಾರ ತೀರ್ಮಾನಿಸುತ್ತಿತ್ತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ರೇಡಿಯೋದಲ್ಲಿ ಚರ್ಮ ಕಾಣುವುದಿಲ್ಲ. ಯೋಚನೆ ಮಾಡಿದರೆ ಬಣ್ಣದ ಸಮಾಜಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಬೇಕಿರಲಿಲ್ಲ. ಆದರೆ ಆದದ್ದು ತದ್ವಿರುದ್ಧ. ಕಾಣದ ಬಣ್ಣವನ್ನು ಗಂಟಲಲ್ಲಿ ತಯಾರು ಮಾಡಿದರು. ಹಿಂದಿನ ಶತಮಾನದ ಮಿನ್‌ಸ್ಟ್ರೆಲ್ ಆಟಗಳಲ್ಲಿ ಬಿಳಿಯರು ಬೆಂಡನ್ನು ಸುಟ್ಟು ಆ ಮಸಿಯನ್ನು ಮುಖಕ್ಕೆ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದರು. ರೇಡಿಯೋಗೆ ಮಸಿ ಬೇಕಾಗಲಿಲ್ಲ. ವ್ಯಾಕರಣ ಮುರಿದರೆ ಸಾಕು, ಕೇಳುವವರು ಮನೆಯಲ್ಲೇ ಕೂತು ತಾವೇ ಮಸಿ ಬಳಿದುಕೊಳ್ಳುತ್ತಿದ್ದರು. ನಮ್ಮಲ್ಲೂ ಜಾತಿ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬಾಡಿಗೆ ಮನೆಗೆ ಫೋನು ಮಾಡಿ ಎರಡು ಮಾತಾಡಿ ನೋಡಿ.

ಈ ಗಂಟಲಿನ ಮಸಿಯ ಮೊದಲ ದೊಡ್ಡ ಕಾರ್ಖಾನೆ 'ಏಮಸ್ ಎನ್ ಆಂಡಿ'. ಇದು ಹಾಡು-ಕುಣಿತದ ವೆರೈಟಿ ಅಲ್ಲ, ಹದಿನೈದು ನಿಮಿಷದ ನಗೆ ಧಾರಾವಾಹಿ. ಆದರೆ ಮುಂದಿನ ಎಲ್ಲ ಶೋಗಳ ಹಾಸ್ಯದ ರುಚಿಯನ್ನು ತಿದ್ದಿದ್ದು ಇದೇ. ಫ್ರೀಮನ್ ಗಾಸ್ಡೆನ್, ಚಾರ್ಲ್ಸ್ ಕೊರೆಲ್ ಎಂಬ ಇಬ್ಬರು ಬಿಳಿಯರು 1928ರ ಮಾರ್ಚ್‌ನಲ್ಲಿ ಶಿಕಾಗೋದ ಡಬ್ಲ್ಯೂಎಂಎಕ್ಯೂ ನಿಲಯದಿಂದ ಶುರುಮಾಡಿದರು. 1929ರಲ್ಲಿ ಎನ್‌ಬಿಸಿ ಜಾಲದ ಮೂಲಕ ದೇಶವ್ಯಾಪಿ ಆಯಿತು. ಪೆಪ್ಸೊಡೆಂಟ್ ಹಲ್ಲಿನ ಪೇಸ್ಟಿನ ದುಡ್ಡು. ದಕ್ಷಿಣದಿಂದ ದೊಡ್ಡ ಊರಿಗೆ ವಲಸೆ ಬಂದ ಇಬ್ಬರು ಕಪ್ಪು ಗಂಡಸರು, ಮೇಲ್ಚಾವಣಿ ಇಲ್ಲದ ಅವರ ಟ್ಯಾಕ್ಸಿ, ಅವರ ಸಾಲ, ಅವರ ಪ್ರೇಮ, ಅವರು ತಪ್ಪುತಪ್ಪಾಗಿ ಆಡುವ ದೊಡ್ಡ ದೊಡ್ಡ ಪದಗಳು. ಮೊದಮೊದಲು ಎಲ್ಲ ಪಾತ್ರಗಳ ದನಿಯೂ ಈ ಇಬ್ಬರದೇ. ಸಿನಿಮಾ ಮಂದಿರದವರು ಜನ ಬಾರದೆ ಹೋಗುತ್ತಾರೆ ಅಂತ ಸಿನಿಮಾ ನಿಲ್ಲಿಸಿ ಈ ಕಾರ್ಯಕ್ರಮವನ್ನು ಕೇಳಿಸುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಕಪ್ಪು ಜನರೊಳಗೇ ಎದ್ದ ಜಗಳ. 1931ರಲ್ಲಿ 'ಪಿಟ್ಸ್‌ಬರ್ಗ್ ಕೊರಿಯರ್' ಎಂಬ ಕಪ್ಪು ಜನರ ಪತ್ರಿಕೆ, ರಾಬರ್ಟ್ ವ್ಯಾನ್ ಸಂಪಾದಕತ್ವದಲ್ಲಿ, ಈ ಕಾರ್ಯಕ್ರಮ ನಿಲ್ಲಬೇಕು ಅಂತ 10 ಲಕ್ಷ ಸಹಿ ಸಂಗ್ರಹಕ್ಕೆ ಇಳಿಯಿತು. ಅದೇ ವರ್ಷ ಶಿಕಾಗೋದ ಇನ್ನೊಂದು ದೊಡ್ಡ ಕಪ್ಪು ಪತ್ರಿಕೆ 'ಡಿಫೆಂಡರ್' ತನ್ನ ಮಕ್ಕಳ ಪಿಕ್ನಿಕ್ಕಿಗೆ ಗಾಸ್ಡೆನ್ ಮತ್ತು ಕೊರೆಲ್‌ರನ್ನೇ ಅತಿಥಿಗಳಾಗಿ ಕರೆಯಿತು. ಒಬ್ಬರಿಗೆ ಅವಮಾನ, ಇನ್ನೊಬ್ಬರಿಗೆ 'ಹೆಂಗೋ ನಮ್ಮ ಕಥೆ ದೇಶಕ್ಕೆ ಕೇಳ್ತಾ ಇದೆಯಲ್ಲ' ಎಂಬ ಸಮಾಧಾನ. ಸಹಿ ಚಳವಳಿಯಿಂದ ಕಾರ್ಯಕ್ರಮ ನಿಲ್ಲಲಿಲ್ಲ. ಅಣಕವನ್ನು ಕೇಳಿ ನಕ್ಕ ಕಪ್ಪು ಮನೆಗಳೂ ಬೇಕಾದಷ್ಟಿದ್ದವು. ನಮ್ಮ ವಿಮರ್ಶೆ ಈ ಮನೆಗಳ ಮುಂದೆ ಬಂದಾಗ ಮುಖ ತಿರುಗಿಸುತ್ತದೆ. ಅವರಿಗೆ ಇನ್ನೂ ಅರಿವು ಬಂದಿಲ್ಲ ಅಂತ ಒಂದು ಮಾತು ಎಸೆದು ಮುಂದೆ ಹೋಗುತ್ತದೆ. ಅಂದರೆ ಮೇಲಿನವರು ಕೇರಿಯ ಬಗ್ಗೆ ಹೇಳುತ್ತಿದ್ದ ಮಾತನ್ನೇ ನಾವೂ ಹೇಳಿದಂತಾಯಿತು.

ಈ ಕಥೆಗೆ ಇನ್ನೊಂದು ತಿರುವು ಇದೆ. 1951ರಲ್ಲಿ ಇದು ಸಿಬಿಎಸ್ ಟಿವಿಗೆ ಬಂದಾಗ ಮುಖ ಕಾಣಲೇಬೇಕಾಯಿತು, ಆದ್ದರಿಂದ ಕಪ್ಪು ನಟರನ್ನೇ ತೆಗೆದುಕೊಂಡರು. ಆಗ ಗಾಸ್ಡೆನ್, ಕಪ್ಪು ಜನ ಹೇಗೆ ಮಾತಾಡುತ್ತಾರೆ ಅಂತ ಸ್ಪೆನ್ಸರ್ ವಿಲಿಯಮ್ಸ್ ಎಂಬ ಕಪ್ಪು ನಟನಿಗೆ ಹೇಳಿಕೊಡಲು ಹೋದನಂತೆ. ಹುಟ್ಟಿದಾಗಿನಿಂದ ಕಪ್ಪು ಮನುಷ್ಯನಾಗಿಯೇ ಇರುವ ನನಗೆ ಅದು ಗೊತ್ತಿರಬೇಕಲ್ಲ ಎಂಬರ್ಥದಲ್ಲಿ ವಿಲಿಯಮ್ಸ್ ಉತ್ತರ ಕೊಟ್ಟದ್ದು ದಾಖಲಾಗಿದೆ. ಅಣಕ ಎಷ್ಟು ಹಳೆಯದಾಗಿತ್ತೆಂದರೆ ಅದೇ ಮೂಲ, ಮನುಷ್ಯ ಅದರ ನಕಲು ಆಗಿಬಿಟ್ಟಿದ್ದ. ಬಣ್ಣದ ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿ ಪ್ರತಿಭಟಿಸಿತು. ಹೊಸ ಕಂತುಗಳು 1953ಕ್ಕೆ ನಿಂತವು, ಮರುಪ್ರಸಾರ 1966ಕ್ಕೆ ನಿಂತಿತು.

ಇದಕ್ಕಿಂತ ವಿಚಿತ್ರವಾದದ್ದು ಬ್ಯೂಲಾ. 1944ರಲ್ಲಿ 'ಫಿಬರ್ ಮೆಗೀ ಅಂಡ್ ಮಾಲಿ' ಎಂಬ ಜನಪ್ರಿಯ ಹಾಸ್ಯ ಕಾರ್ಯಕ್ರಮಕ್ಕೆ ಬ್ಯೂಲಾ ಎಂಬ ಕಪ್ಪು ಮನೆಗೆಲಸದವಳು ಬಂದಳು. ಕಾರ್ಯಕ್ರಮದ ಪ್ರಾಯೋಜಕರು ನೆಲಕ್ಕೆ ಹೊಳಪು ಕೊಡುವ ಜಾನ್ಸನ್ ಮೇಣದವರು. ನೆಲ ಒರೆಸುವವಳು ಬೇಕೇ ಬೇಕಲ್ಲ! ಬ್ಯೂಲಾಳ ದನಿ ಮಾರ್ಲಿನ್ ಹರ್ಟ್ ಎಂಬ ಬಿಳಿ ಗಂಡಸಿನದು. ಅವನು ಸ್ಟುಡಿಯೋದ ಸಭಿಕರಿಗೆ ಬೆನ್ನು ಹಾಕಿ ನಿಂತಿರುತ್ತಿದ್ದ. ಅವಳ ಸರದಿ ಬಂದಾಗ ಗಿರಕ್ಕನೆ ಮೈಕಿನ ಕಡೆ ತಿರುಗಿ ಹೆಣ್ಣು ದನಿ ತೆಗೆಯುತ್ತಿದ್ದ. ಸಭಿಕರು ಬೆಚ್ಚಿ, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಕೇಳುವವರಿಗೆ ಇದು ಕಾಣುವುದಿಲ್ಲ. ಅವರಿಗೆ ಕೇಳುವುದು ಒಬ್ಬ ಕಪ್ಪು ಹೆಂಗಸು ಮಾತಾಡಿದ್ದಕ್ಕೆ ಎದ್ದ ಭಾರೀ ನಗು. ಸ್ಟುಡಿಯೋದವರು ನಕ್ಕದ್ದು ಬಿಳಿ ಗಂಡಸಿನ ಕಸುಬಿಗೆ. ಮನೆಯವರು ನಕ್ಕದ್ದು ಕಪ್ಪು ಹೆಂಗಸಿಗೆ. ಒಂದೇ ನಗು, ಎರಡು ಕಡೆ ಎರಡು ಬೆಲೆ. ಈ ರೆಕಾರ್ಡಿಂಗ್ ಕೇಳುವಾಗ ನನಗೆ ನಮ್ಮ ಬಿ.ಕಾಂ. ಹುಡುಗನ ನೆನಪು ಇನ್ನೂ ಇರಲಿಲ್ಲ, ಸ್ಕಿಟ್ ನಡೆದದ್ದು ಆಮೇಲೆ. ಆದರೆ ಅವನು ಸೆರಗು ಸಿಕ್ಕಿಸಿಕೊಂಡು ಬಂದಾಗ ಬ್ಯೂಲಾಳೇ ಬಂದ ಹಾಗೆ ಆಯಿತು. ಸೀರೆ ಉಟ್ಟ ಗಂಡು ಹುಡುಗನ ಚಾಲೂಕಿಗೆ ನಕ್ಕೆನೋ, ಅವ್ವನ ಮಾತಿಗೆ ನಕ್ಕೆನೋ, ನನಗೇ ಬಗೆಹರಿಯುತ್ತಿಲ್ಲ.

ಸಂಗೀತದ ಕಡೆ ಕಥೆ ಬೇರೆ ಅಂತ ಹೇಳುವವರಿದ್ದಾರೆ. ಕಪ್ಪು ಜನರ ಸಂಗೀತವನ್ನು ರೇಡಿಯೋ ತಲೆ ಮೇಲೆ ಹೊತ್ತುಕೊಂಡಿತ್ತು, ಅದು ನಿಜ. 1937ರ ಏಪ್ರಿಲ್‌ನಲ್ಲಿ ರೂಡಿ ವ್ಯಾಲಿ ರಜೆ ಮೇಲೆ ಹೋದಾಗ ಈಸ್ಟ್ ಕಂಪನಿ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಕೆಲವು ವಾರ ಒಂದು ಕಾರ್ಯಕ್ರಮ ಕೊಟ್ಟಿತು. ಪ್ರಾಯೋಜಿತ ದೇಶವ್ಯಾಪಿ ಕಾರ್ಯಕ್ರಮವನ್ನು ಕಪ್ಪು ಮನುಷ್ಯ ನಡೆಸಿಕೊಟ್ಟದ್ದು ಅದೇ ಮೊದಲು. ಅವನ ಬಳಿಯೇ ಉಳಿದಿದ್ದ ಡಿಸ್ಕುಗಳಿಂದ 2008ರಲ್ಲಿ ಈ ಸಂಗೀತ ಹೊರಗೆ ಬಂತು. ಕೇಳಿದರೆ ಮೈ ಜುಂ ಅನ್ನುತ್ತದೆ. ತುತ್ತೂರಿ ಎಲ್ಲಿ ನಿಲ್ಲುತ್ತದೋ ಗೊತ್ತಾಗುವುದಿಲ್ಲ. ಆದರೆ ಹಾಡು ಮುಗಿದು ಮಾತು ಶುರುವಾದ ಕೂಡಲೇ ಬೇರೊಂದು ಲೋಕ. ಮಾತು ಬರೆಯಲು ಇಟ್ಟುಕೊಂಡದ್ದು ಆಕ್ಟೇವಸ್ ರಾಯ್ ಕೋಹೆನ್‌ನನ್ನು. ಅವನು ಕಪ್ಪು ಜನರ ಮಾತನ್ನು ಗೇಲಿಯಾಗಿಸಿ ಪತ್ರಿಕೆಗಳಲ್ಲಿ ಕಥೆ ಬರೆದು ಹೆಸರು ಮಾಡಿದ್ದ ಬಿಳಿಯ. ತುತ್ತೂರಿ ಆರ್ಮ್‌ಸ್ಟ್ರಾಂಗ್‌ದು, ನಾಲಿಗೆ ಕೋಹೆನ್‌ನದು.

ನಮ್ಮ ತಾತ ತಮಟೆ ಬಡಿಯುತ್ತಿದ್ದ. ಒಮ್ಮೆ ಯಾವುದೋ ಉತ್ಸವಕ್ಕೆ ಅವನ ತಂಡವನ್ನು ಲಾರಿಯಲ್ಲಿ ಕರೆದುಕೊಂಡು ಹೋಗಿದ್ದರು. ವೇದಿಕೆ ಮೇಲೆ ಮೈಕನ್ನು ಬಗ್ಗಿಸಿ ತಮಟೆ ಎದುರಿಗೆ ಇಟ್ಟರು. ಬಡಿದದ್ದು ಮುಗಿದ ಮೇಲೆ ನಿರೂಪಕರು ಮೈಕನ್ನು ಎತ್ತಿಕೊಂಡು ತಮಟೆ ಎಂಬ ಪ್ರಾಚೀನ ಕಲೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. 'ಬಾಯ್ಗೂ ಒಸಿ ಇಡ್ತಾರೇನೋ ಅಂತ ನೋಡ್ದೆ ಕನವ್ವ, ಇಡ್ನಿಲ್ಲ' ಅಂತ ತಾತ ಆಮೇಲೆ ಹೇಳುತ್ತಿದ್ದ. ಕೋಪದಿಂದ ಹೇಳಿದ್ದಲ್ಲ. ಅದನ್ನೂ ಒಂದು ತಮಾಷೆ ಮಾಡಿಯೇ ಹೇಳುತ್ತಿದ್ದ.

ಈಗ ನನಗೆ ಕಷ್ಟವಾಗುವ ಜಾಗಕ್ಕೆ ಬರುತ್ತೇನೆ. ಎಡ್ಡಿ ಆಂಡರ್ಸನ್. 1905ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದವನು. ಅಪ್ಪ ಮಿನ್‌ಸ್ಟ್ರೆಲ್ ಆಟಗಾರ, ಅಮ್ಮ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುವವಳು. ಹುಡುಗನಾಗಿದ್ದಾಗ ಬೀದಿಯಲ್ಲಿ ಪೇಪರು ಮಾರುತ್ತಾ ಕೂಗಿ ಕೂಗಿ ಗಂಟಲು ಒಡೆದು, ಜಲ್ಲಿ ಕಲ್ಲು ಉಜ್ಜಿದಂಥ ದನಿ ಶಾಶ್ವತವಾಗಿ ಉಳಿಯಿತು. 1937ರ ಮಾರ್ಚ್‌ನಲ್ಲಿ ಜ್ಯಾಕ್ ಬೆನ್ನಿಯ ಭಾನುವಾರದ ಕಾರ್ಯಕ್ರಮಕ್ಕೆ ರೈಲಿನ ಪೋರ್ಟರ್ ಆಗಿ ಒಂದು ಸಲಕ್ಕೆ ಬಂದ. ಜನ ಇನ್ನೂ ಬೇಕು ಅಂದರು. ಕೆಲವೇ ತಿಂಗಳಲ್ಲಿ ಬೆನ್ನಿಯ ಮನೆಯಾಳು ರಾಚೆಸ್ಟರ್ ಆದ. ಬೆನ್ನಿಯ ಪಾತ್ರ ಜಿಪುಣ, ಜಂಬದವನು, ಯಾವಾಗಲೂ ಮೂವತ್ತೊಂಬತ್ತೇ ವಯಸ್ಸು ಅನ್ನುವವನು. ಅವನ ಹಳೇ ಮ್ಯಾಕ್ಸ್‌ವೆಲ್ ಕಾರಿನ ನಿಜ, ಅವನ ಪರ್ಸಿನ ನಿಜ, ಅವನ ವಯಸ್ಸಿನ ನಿಜ ಎಲ್ಲ ಗೊತ್ತಿದ್ದವನು ರಾಚೆಸ್ಟರ್. ಮನೆಯಿಂದ ಫೋನು ಮಾಡಿ 'ಬಾಸ್' ಅಂತ ಶುರುಮಾಡಿ ಬಾಸಿನ ಮಾನ ತೆಗೆದು ಫೋನು ಇಡುತ್ತಿದ್ದ. ಅಷ್ಟು ಹೊತ್ತಿಗೆ ನಾನು ಹಾಸ್ಟೆಲಿನ ಮಂಚದ ಮೇಲೆ ಒಬ್ಬಳೇ ನಗುತ್ತಿರುತ್ತಿದ್ದೆ.

ಹಾಗಂತ ರಾಚೆಸ್ಟರ್‌ನನ್ನು ಬಂಡಾಯಗಾರ ಅಂತ ಮಾಡಿಬಿಡುವುದಕ್ಕೆ ನನಗೆ ಧೈರ್ಯವಿಲ್ಲ. ಮೊದಲ ವರ್ಷಗಳ ಕಂತುಗಳಲ್ಲಿ ಅವನು ಕುಡಿಯುತ್ತಾನೆ, ಜೂಜಾಡುತ್ತಾನೆ, ಸೋಮಾರಿ, ಜೇಬಿನಲ್ಲಿ ಕ್ಷೌರದ ಕತ್ತಿ. ಮಿನ್‌ಸ್ಟ್ರೆಲ್ ಪೆಟ್ಟಿಗೆಯ ಸಾಮಾನೆಲ್ಲ ಅಲ್ಲಿದೆ. ಎರಡನೇ ಮಹಾಯುದ್ಧದ ನಂತರ ಬೆನ್ನಿ ಇಂಥ ಜೋಕುಗಳನ್ನು ಕೈಬಿಟ್ಟ. 1950ರಲ್ಲಿ ಬರಹಗಾರರು ಹಳೇ ಸ್ಕ್ರಿಪ್ಟೊಂದನ್ನು ದೂಳು ಕೊಡವಿ ಮತ್ತೆ ಬಳಸಿದಾಗ ಕೇಳುಗರು ಪ್ರತಿಭಟಿಸಿದರು. ಕಾಲ ಬದಲಾಗಿತ್ತು, ಕಾಗದ ಬದಲಾಗಿರಲಿಲ್ಲ. ಒಂದು ವಿಷಯ ಮಾತ್ರ ಕೊನೆಯ ತನಕ ಬದಲಾಗಲಿಲ್ಲ: ಆಳಿಗೆ ಅವನು 'ಬಾಸ್'. ಆಂಡರ್ಸನ್ ಆ ಕಾಲದಲ್ಲಿ ಅತಿ ಹೆಚ್ಚು ಸಂಪಾದಿಸಿದ ಕಪ್ಪು ನಟರಲ್ಲಿ ಒಬ್ಬ. ಅವನು ಸಾಕಿದ ರೇಸ್ ಕುದುರೆ 1943ರ ಕೆಂಟಕಿ ಡರ್ಬಿಯಲ್ಲಿ ಓಡಿತು. ಅದಕ್ಕೆ ಅವನು ಇಟ್ಟ ಹೆಸರು 'ಬರ್ನ್ಟ್ ಕಾರ್ಕ್', ಅಂದರೆ ಸುಟ್ಟ ಬೆಂಡು. ಅಪ್ಪನ ತಲೆಮಾರಿನ ಆಟದ ಮಸಿಯನ್ನು ಕುದುರೆ ಮಾಡಿ ಬಿಳಿ ಶ್ರೀಮಂತರ ರೇಸಿನಲ್ಲಿ ಓಡಿಸಿದ ಈ ಮನುಷ್ಯನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ?

ರಾಚೆಸ್ಟರ್‌ನ ಒಂದು ಕಂತನ್ನು ಅವ್ವನಿಗೆ ಕೇಳಿಸಿದೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಎರಡು ನಿಮಿಷ ಕೇಳಿ, 'ಇವ್ನು ಆಳು, ಅವ್ನು ದಣಿ, ಅಲ್ವಾ?' ಅಂದಳು. ಹೆಂಗೆ ಗೊತ್ತಾಯ್ತು ಅಂದೆ. 'ದಣಿ ಮಾತಾಡ್ವಾಗ ಇವ್ನು ಕೇಳುಸ್ಕತಾನೆ, ಇವ್ನು ಮಾತಾಡ್ವಾಗ ದಣಿ ಅಡ್ಡ ಬಾಯಾಕ್ತಾನೆ.' ಆಮೇಲೆ ಆಳಿನ ಒಂದು ಮಾತಿಗೆ ಅವಳೂ ನಕ್ಕಳು. ಮಾತು ಅರ್ಥವಾಗಿರಲಿಲ್ಲ, ಎಳೆದು ನಿಲ್ಲಿಸಿದ ರೀತಿ ಅರ್ಥವಾಗಿತ್ತು. ನಕ್ಕು ಮುಗಿಸಿ ಕೇಳಿದ್ದು ಒಂದೇ: 'ಸಂಬ್ಳ ಎಸ್ಟು ಕೊಡ್ತಿದ್ರಂತೆ?' ನಮ್ಮ ವಿಮರ್ಶೆ ಇಷ್ಟು ವರ್ಷ ಕೇಳದೆ ಬಿಟ್ಟ ಪ್ರಶ್ನೆ ಅದು. ಪಾತ್ರ ಗೌರವದ್ದೋ ಅವಮಾನದ್ದೋ ಅಂತ ಚರ್ಚೆ ಮಾಡಿದೆವು. ಆ ನಗುವಿನ ಕೂಲಿ ಯಾರಿಗೆ ಹೋಯಿತು, ಆ ಮಾತನ್ನು ತಿದ್ದುವ ಪೆನ್ನು ಯಾರ ಕೈಲಿತ್ತು ಎಂದು ಕೇಳಲಿಲ್ಲ.

ಕೂಲಿ ಮತ್ತು ಪೆನ್ನು ಎರಡಕ್ಕೂ ಜಗಳವಾಡಿದವಳು ಹ್ಯಾಟಿ ಮೆಕ್‌ಡ್ಯಾನಿಯಲ್. 1931ರ ಸುಮಾರಿಗೆ ಲಾಸ್ ಏಂಜಲಿಸ್‌ನ ರೇಡಿಯೋದಲ್ಲಿ ಹಾಡುತ್ತಾ ನಗಿಸುತ್ತಾ ಹೆಸರು ಮಾಡಿದ್ದಳು. ಆ ದುಡ್ಡು ಸಾಲದೆ ಹಗಲು ಹೊತ್ತು ಮನೆಗೆಲಸಕ್ಕೂ ಹೋಗುತ್ತಿದ್ದಳು. ರೇಡಿಯೋದಲ್ಲಿ ನಕ್ಷತ್ರ, ಬೆಳಗಾದರೆ ಪೊರಕೆ. 1940ರಲ್ಲಿ 'ಗಾನ್ ವಿತ್ ದಿ ವಿಂಡ್' ಚಿತ್ರದ ಮನೆಯಾಳಿನ ಪಾತ್ರಕ್ಕೆ ಆಸ್ಕರ್ ಬಂದಾಗ ಅವಳನ್ನು ಬೇರೆ ಮೇಜಿನಲ್ಲಿ ಕೂರಿಸಿದ್ದರು. 1946ರಲ್ಲಿ ಮಾರ್ಲಿನ್ ಹರ್ಟ್ ತೀರಿಕೊಂಡ. 1947ರ ನವೆಂಬರ್‌ನಲ್ಲಿ ಬ್ಯೂಲಾಳ ಪಾತ್ರ ಮೊದಲ ಸಲ ಕಪ್ಪು ಹೆಂಗಸಿಗೆ, ಅಂದರೆ ಹ್ಯಾಟಿಗೆ ಬಂತು. ಈ ಸಲದ ಪ್ರಾಯೋಜಕರು ಸೋಪಿನ ಕಂಪನಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್. ಹ್ಯಾಟಿ ಮುರುಕು ಇಂಗ್ಲಿಷ್ ಆಡುವುದಿಲ್ಲ ಎಂದಳು, ಒಪ್ಪದ ಮಾತನ್ನು ಸ್ಕ್ರಿಪ್ಟಿನಲ್ಲಿ ಬದಲಾಯಿಸುವ ಹಕ್ಕು ಪಡೆದುಕೊಂಡಳು. ಪಾತ್ರ ಮಾತ್ರ ಅದೇ ಕೆಲಸದವಳು. ಎನ್‌ಎಎಸಿಪಿಯ ವಾಲ್ಟರ್ ವೈಟ್ ಅವಳ ಸಿನಿಮಾ ಪಾತ್ರಗಳನ್ನು ಕಟುವಾಗಿ ಟೀಕಿಸಿದ್ದರು. ಅವರದ್ದು ತಪ್ಪು ಅಂತ ನಾನು ಹೇಳಲಾರೆ. ಆದರೆ ಹಗಲು ನಿಜವಾದ ಪೊರಕೆ ಹಿಡಿದವಳಿಗೆ ರಾತ್ರಿ ಸುಳ್ಳು ಪೊರಕೆ ಹಿಡಿದರೆ ವಾರಕ್ಕೆ ಸಾವಿರ ಡಾಲರ್ ಸಿಗುವುದಾದರೆ, ಅವಳ ಆಯ್ಕೆಯನ್ನು ಅಳೆಯುವ ತಕ್ಕಡಿ ಓದಿದ ನಮ್ಮಂಥವರ ಕೈಯಲ್ಲಿ ಇರಬಾರದು. ಅವ್ವ ಇದನ್ನು ಕೇಳಿದ್ದರೆ ಬೈಯುತ್ತಿದ್ದಳು, ಹ್ಯಾಟಿಯನ್ನಲ್ಲ.

ಇಷ್ಟೂ ಊರಿನ ರೇಡಿಯೋ. ಕೇರಿಯ ರೇಡಿಯೋ ಅಂತ ಒಂದು ಇರಲಿಲ್ಲವೇ? ಇತ್ತು, ಅದರ ಬಗ್ಗೆ ಕಡಿಮೆ ಮಾತಾಡುತ್ತಾರೆ. ಜ್ಯಾಕ್ ಕೂಪರ್ ಎಂಬ ಕಪ್ಪು ರಂಗನಟ 1925ರಲ್ಲಿ ವಾಷಿಂಗ್ಟನ್ನಿನ ಒಂದು ರೇಡಿಯೋದಲ್ಲಿ ನಾನಾ ಜನಾಂಗದವರ ಮಾತನ್ನು ಅಣಕಿಸುವ ಕೆಲಸ ಮಾಡುತ್ತಿದ್ದ. ಅಣಕದವನಾಗಿ ಒಳಗೆ ಬರಬಹುದಿತ್ತು, ತಾನಾಗಿ ಬರುವಂತಿರಲಿಲ್ಲ. ಅವನು ಶಿಕಾಗೋಗೆ ಬಂದು, 1929ರ ನವೆಂಬರ್‌ನಲ್ಲಿ ಡಬ್ಲ್ಯೂಎಸ್‌ಬಿಸಿ ಎಂಬ ಸಣ್ಣ ನಿಲಯದಲ್ಲಿ 'ಆಲ್ ನೀಗ್ರೋ ಅವರ್' ಶುರುಮಾಡಿದ. ಹಾಡು, ಹಾಸ್ಯ, ಕಿರು ಧಾರಾವಾಹಿ ಎಲ್ಲ ಇದ್ದ ಪಕ್ಕಾ ವೆರೈಟಿ; ಹಾಡುವವರು ಕಪ್ಪು ಜನ, ಕೇಳುವವರು ಕಪ್ಪು ಜನ. ಅದೇ ಊರಿನ ಇನ್ನೊಂದು ನಿಲಯದಿಂದ 'ಏಮಸ್ ಎನ್ ಆಂಡಿ' ದೇಶ ಗೆದ್ದ ವರ್ಷವೇ ಇದು. ಕೂಪರ್ ಸಮಯವನ್ನು ಕೊಂಡುಕೊಂಡು, ಕೇರಿಯ ಅಂಗಡಿಗಳ ಜಾಹೀರಾತು ಹುಡುಕಿಕೊಂಡು ನಡೆಸಿದ. ಆ ನಗು ಕೇರಿ ದಾಟಲಿಲ್ಲ, ದಾಟಬೇಕು ಅಂತಲೂ ಇರಲಿಲ್ಲ.

ಯುದ್ಧದ ಕಾಲದಲ್ಲಿ ಇನ್ನೊಂದು ಬಂತು. 1942ರಿಂದ ಅಮೆರಿಕದ ಸೇನೆ 'ಜುಬಿಲಿ' ಎಂಬ ವೆರೈಟಿ ಕಾರ್ಯಕ್ರಮವನ್ನು ಕಪ್ಪು ಸೈನಿಕರಿಗಾಗಿ ರೆಕಾರ್ಡು ಮಾಡಿ ಡಿಸ್ಕುಗಳಲ್ಲಿ ದೇಶದೇಶಕ್ಕೆ ಕಳಿಸುತ್ತಿತ್ತು. ನಿರೂಪಕ ಅರ್ನಿ ವಿಟ್‌ಮನ್. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಲೀನಾ ಹಾರ್ನ್ ಅದರಲ್ಲಿ ಬಂದವರು. ಅದನ್ನು ಕೇಳಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ವಿಟ್‌ಮನ್ ಮಾತನ್ನು ತಿರುಚುವುದು ತನ್ನವರೊಡನೆ ಆಡುವುದಕ್ಕೆ. ಮಾತು ಮುರಿಯುವುದಿಲ್ಲ, ಕುಣಿಯುತ್ತದೆ. ಆದರೆ ಆ ಸೈನ್ಯದಲ್ಲಿ ಕಪ್ಪು ಪಡೆ ಬೇರೆ, ಬಿಳಿ ಪಡೆ ಬೇರೆ. ಬೇರ್ಪಡಿಸುವಿಕೆಗೆ ಕೊನೆ ಹೇಳುವ ಆದೇಶವನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ಅವರ ಅತಿ ಸ್ವತಂತ್ರವಾದ ನಗುವನ್ನು ಅವರಿಗೆ ಕೊಟ್ಟದ್ದು ಅವರನ್ನು ಬೇರೆ ಇಟ್ಟ ಸರ್ಕಾರವೇ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಕನ್ನಡಕ್ಕೆ ಬರೋಣ. 'ಆಲು' ಎಂಬ ಮಾತನ್ನು ನಗೆಯ ಪೆಟ್ಟಿಗೆಯಿಂದ ಎತ್ತಿ ಮಹಾಕಥನದ ಮಾತು ಮಾಡಿದವರು ದೇವನೂರ ಮಹಾದೇವ. 'ಕುಸುಮಬಾಲೆ' ಓದುವಾಗ ಕೆಲವು ಶಿಷ್ಟ ಓದುಗರು ಅರ್ಥವಾಗುವುದಿಲ್ಲ ಎಂದು ದೂರುವುದನ್ನು ನಾನೇ ಕೇಳಿದ್ದೇನೆ. ಅವರೇ ಸ್ಕಿಟ್‌ನಲ್ಲಿ ಅದೇ ಮಾತು ಬಂದಾಗ ಒಂದಕ್ಷರ ಬಿಡದೆ ಅರ್ಥಮಾಡಿಕೊಂಡು ನಗುತ್ತಾರೆ. ನಗುವುದಕ್ಕೆ ಅರ್ಥವಾಗುವ ಭಾಷೆ ಓದುವುದಕ್ಕೆ ಅರ್ಥವಾಗದೆ ಹೋಗುವುದು ಹೇಗೆ? ಇನ್ನು ಸಿದ್ಧಲಿಂಗಯ್ಯನವರ 'ಊರು ಕೇರಿ'. ಹಸಿವನ್ನೂ ನಗೆಯಲ್ಲಿ ಹೇಳುವ ಆ ಪುಸ್ತಕದ ಮುಂದೆ ನಮ್ಮ ಕೆಲವು ಗೆಳೆಯರು ಮುಜುಗರಪಡುತ್ತಾರೆ: ಕವಿತೆಯಲ್ಲಿ ಅಷ್ಟು ಬೆಂಕಿ ಇದ್ದವರು ಇಲ್ಲಿ ಯಾಕೆ ನಗಿಸಿದರು ಅಂತ. ನಗು ಅಂದರೆ ರಾಜಿ ಎಂದು ತಿಳಿದಿರುವುದರಿಂದ ಈ ಮುಜುಗರ. ದಲಿತ ವಿಮರ್ಶೆ ನೋವಿಗೆ ಒಂದು ಪರಿಭಾಷೆ ಕಟ್ಟಿಕೊಂಡಿದೆ, ಸಿಟ್ಟಿಗೂ ಕಟ್ಟಿಕೊಂಡಿದೆ. ನಗುವನ್ನು ಮಾತ್ರ ಹೊರಗಿನವರ ಸೊತ್ತು ಅಂತ ಬಿಟ್ಟುಕೊಟ್ಟಿದೆ. ನಾವು ಕಣ್ಣಲ್ಲಿ ಓದುತ್ತೇವೆ, ಕಿವಿಯಲ್ಲಿ ಓದುವುದಿಲ್ಲ.

ನಮ್ಮ ಮನೆಯಲ್ಲಿ ಪ್ರತಿರಾತ್ರಿ ಒಂದು ವೆರೈಟಿ ಶೋ ನಡೆಯುತ್ತಿತ್ತು. ಅವ್ವ ನಾಲ್ಕು ಮನೆ ಮುಗಿಸಿಕೊಂಡು ಬಂದು, ಮುದ್ದೆ ತೊಳಸುತ್ತಾ, ಆ ಮನೆಗಳ ಅಮ್ಮಂದಿರನ್ನು ಒಬ್ಬೊಬ್ಬರಾಗಿ ತಂದು ನಿಲ್ಲಿಸುತ್ತಿದ್ದಳು. ಒಬ್ಬರ 'ಹ'ಕಾರ ಉಬ್ಬಿಸಿ, ಇನ್ನೊಬ್ಬರ 'ಷ'ಕಾರ ಎಳೆದು, ನಡುನಡುವೆ ಅವರ ಮನೆಯ ಭಜನೆಯ ರಾಗಕ್ಕೆ ತನ್ನದೇ ಮಾತು ಸೇರಿಸಿ ಹಾಡುತ್ತಿದ್ದಳು. ಬೇರೆ ಲೋಟದಲ್ಲಿ ಕಾಫಿ ಕೊಡುವಾಗ ಆ ಅಮ್ಮ ಕೈ ಹೇಗೆ ದೂರ ಹಿಡಿಯುತ್ತಾರೆ ಎಂಬುದಕ್ಕೆ ಸೌಟು ಹಿಡಿದು ತೋರಿಸುತ್ತಿದ್ದಳು. ನಾವು ಮೂವರು ಮಕ್ಕಳು ಉರುಳಾಡಿ ನಗುತ್ತಿದ್ದೆವು. ಆ ನಗುವಿನಲ್ಲಿ ನಾನು ಕಲಿತದ್ದು ಮುಂದೆ ಎಂ.ಎ. ತರಗತಿಯಲ್ಲಿ ಸಿಗಲಿಲ್ಲ. ಪಕ್ಕದ ಬೀದಿಯವರು ಯಾರಾದರೂ ಬಂದರೆ ಅವ್ವ ತಕ್ಷಣ ನಿಲ್ಲಿಸಿಬಿಡುತ್ತಿದ್ದಳು. ಒಮ್ಮೆ ಜಾನಪದ ಸಂಗ್ರಹ ಮಾಡುವ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ, ಮಾಡಿ ತೋರಿಸು ಅಂತ ಗೋಗರೆದೆ. 'ನಂಗೇನ್ ಬಂದದವ್ವ' ಅಂದು ಒಳಗೆ ಹೋಗಿ ಟೀ ಕಾಯಿಸಿದಳು. ಮೈಕು ಆನ್ ಆಗಿತ್ತು, ಅವ್ವ ಕೊಡಲಿಲ್ಲ. ತಾತನಿಗೆ ಸಿಗದ ಮೈಕು ಅದು. ಅವ್ವ ಯಾಕೆ ಬೇಡ ಅಂದಳು ಎಂಬುದು ಈ ಲೇಖನ ಬರೆಯುವಾಗ ಸ್ವಲ್ಪ ಅರ್ಥವಾಗುತ್ತಿದೆ.

ಹೋದ ವಾರ ಆ ಬಿ.ಕಾಂ. ಹುಡುಗ ಸ್ಟಾಫ್ ರೂಮಿಗೆ ಬಂದ. 'ಮೇಡಂ, ಈ ಸಲಾನೂ ಅದೇ ಪಾತ್ರ. ಮಾತು ಇನ್ನೂ ಪಕ್ಕಾ ಬರ್ಬೇಕು ಅಂತಿದಾರೆ. ನೀವು ಒಂದ್ಸಲ ಹೇಳ್ಕೊಡ್ತೀರಾ?' ಸ್ಪೆನ್ಸರ್ ವಿಲಿಯಮ್ಸ್ ನೆನಪಾಗಿ ನಗು ಬಂತು; ಹುಡುಗನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಸ್ಕ್ರಿಪ್ಟ್ ಈಸಿಕೊಂಡು ನೋಡಿದೆ. ಯಜಮಾನನಿಗೆ ಹೆಸರಿದೆ, ಪೊಲೀಸಿಗೆ ಹೆಸರಿದೆ, ಅವಳ ಮಾತಿನ ಮುಂದೆ 'ಕೆಲಸದವಳು' ಅಂತ ಇದೆ. ನಿಮ್ಮಜ್ಜಿ ಹಾಲಿಗೆ ಏನಂತಾರೋ ಅಂತ ಕೇಳಿದೆ. ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, 'ಆಲು' ಅಂದ. ಸ್ಕ್ರಿಪ್ಟು ನನ್ನ ಮೇಜಿನ ಮೇಲೇ ಇದೆ, ಪಕ್ಕದಲ್ಲಿ ಪೆನ್ನೂ ಇದೆ. ವಾರ್ಷಿಕೋತ್ಸವಕ್ಕೆ ಇನ್ನು ಮೂರು ವಾರ.